ನೀಲಿ ಗಂಟಲಿಗಿಳಿಯುವ ತನಕ

ಯಳಂದೂರಿನ ಹೊರಗಿರುವ ಆ ಆಲೆಮನೆಗೆ ನಾನು ಮೊದಲ ಸಲ ಹೋದಾಗ ಒಲೆಯ ಬಾಯಿಗೆ ಹಳೆಯ ಟೈರಿನ ತುಂಡುಗಳು ಬೀಳುತ್ತಿದ್ದವು. ಮೇಲೆ ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿದು ಜೇನಿನ ಬಣ್ಣಕ್ಕೆ ತಿರುಗುತ್ತಿತ್ತು. ಕೆಳಗೆ, ಒಲೆಯ ಮುಂದಿನ ಗುಂಡಿಯಲ್ಲಿ ಕುಕ್ಕುರುಗಾಲಿನಲ್ಲಿ ಕೂತಿದ್ದ ಒಬ್ಬರು ಕಬ್ಬಿಣದ ಸಲಾಕೆಯಿಂದ ರಬ್ಬರನ್ನು ಒಳಕ್ಕೆ ನೂಕುವುದು, ಮುಖ ತಿರುಗಿಸಿ ಕೆಮ್ಮುವುದು, ಮತ್ತೆ ನೂಕುವುದು. ಅವರನ್ನು ಅಲ್ಲಿ ಎಲ್ಲರೂ ಒಲೆಯಣ್ಣ ಎನ್ನುತ್ತಿದ್ದರು. ನಾನೂ ಹಾಗೆಯೇ ಕರೆದೆ.

ನನ್ನ ಚೀಲದಲ್ಲಿ ಒಂದು ಟಾರ್ಚು, ಸಣ್ಣ ಚಿಮುಟ, ಒಂದು ಸೀಸೆ ಹರಳುಗಳು. ತಲೆಯಲ್ಲಿ ಒಂದೇ ಪ್ರಶ್ನೆ: ಉಸಿರಿನ ದಾರಿಯ ಒಳಪೊರೆ ಗಾಯಗೊಂಡರೆ ತನ್ನನ್ನು ತಾನು ಹೇಗೆ ಮತ್ತೆ ಕಟ್ಟಿಕೊಳ್ಳುತ್ತದೆ?

ಈ ಪ್ರಶ್ನೆ ನನ್ನನ್ನು ವಿಶ್ವವಿದ್ಯಾಲಯದ ಮೊದಲ ವರ್ಷದಿಂದಲೇ ಹಿಡಿದುಕೊಂಡಿತ್ತು. ಮೂಗಿನ ಒಳಗೋಡೆಯೂ ಶ್ವಾಸನಾಳದ ಒಳಗೋಡೆಯೂ ಬಹುಪಾಲು ಒಂದೇ ನೇಯ್ಗೆಯವು. ಮೇಲ್ಗಡೆ ರೋಮವುಳ್ಳ ಕೋಶಗಳು, ನಡುನಡುವೆ ಲೋಳೆ ಸುರಿಸುವ ಕೋಶಗಳು, ತಳದಲ್ಲಿ ಗಿಡ್ಡನೆಯ ತಳಕೋಶಗಳು. ಕಣ್ಣಿಗೆ ಕಾಣದ ಆ ರೋಮಗಳು ಒಟ್ಟಾಗಿ ಬೀಸುತ್ತ, ಧೂಳು ಹೊತ್ತ ಲೋಳೆಯನ್ನು ಗಂಟಲಿನತ್ತ ದೂಡುತ್ತಿರುತ್ತವೆ. ಹೊಗೆ ತಾಗಿದರೆ ಮೊದಲು ಉದುರುವವು ಈ ರೋಮಕೋಶಗಳೇ. ಆಗ ತಳಕೋಶಗಳು ಚಪ್ಪಟೆಯಾಗಿ ಹರಡಿ ಬರಿದಾದ ಜಾಗವನ್ನು ಮುಚ್ಚುತ್ತವೆ, ಬಳಿಕ ಒಂದರಿಂದ ಎರಡಾಗಿ ಹೆಚ್ಚುತ್ತವೆ, ಎದ್ದು ನಿಲ್ಲುತ್ತವೆ, ಎಲ್ಲಕ್ಕಿಂತ ಕೊನೆಗೆ ರೋಮ ಚಿಗುರಿಸುತ್ತವೆ. ಮುಚ್ಚುವ ಕೆಲಸ ಬೇಗ ಮುಗಿಯುತ್ತದೆ, ಚಿಗುರುವುದಕ್ಕೆ ವಾರಗಟ್ಟಲೆ ಬೇಕು. ಇದೆಲ್ಲ ಆಗುವುದು ಗಾಯವನ್ನು ಅದರ ಪಾಡಿಗೆ ಬಿಟ್ಟರೆ. ಬಿಡದಿದ್ದರೆ? ದಿನವೂ ಅದೇ ಗಾಯದ ಮೇಲೆ ಅದೇ ಹೊಗೆ ಬಿದ್ದರೆ? ನಾನು ಯಳಂದೂರಿಗೆ ಬಂದದ್ದು ಈ ‘ಬಿಡದಿದ್ದರೆ’ ಎಂಬುದನ್ನು ಅಳೆಯುವುದಕ್ಕೆ.

ಟೈರು ಸುಡಬಾರದೆಂಬ ನಿಯಮವಿಲ್ಲದೆ ಇಲ್ಲ. ಆ ನಿಯಮವನ್ನು ಕಾಯಬೇಕಾದ ಅಧಿಕಾರಿಯೊಬ್ಬರನ್ನು ಕಂಡು ಬಂದಿದ್ದೆ. "ಹಾನಿಯಾಗಿದೆ ಅನ್ನೋದಕ್ಕೆ ಪುರಾವೆ ತನ್ನಿ, ಆಮೇಲೆ ನೋಡೋಣ" ಎಂದರು. ಕಪ್ಪು ಹೊಗೆ ಊರಿಗೆಲ್ಲ ಕಾಣುತ್ತಿರುವಾಗ, ಅದನ್ನು ಕುಡಿಯುವವನೇ ತನ್ನ ಮೂಗಿನೊಳಗಿನ ಪುರಾವೆಯನ್ನೂ ಹೊತ್ತು ತರಬೇಕಂತೆ! ಸಿಟ್ಟಿನಿಂದಲೇ ಆಲೆಮನೆಗೆ ಬಂದೆ. ಅಲ್ಲಿನ ಯಜಮಾನರಾದರೋ ಅಧಿಕಾರಿಗಿಂತ ನೇರವಾಗಿದ್ದರು.

"ನೋಡಿ ಮೇಡಂ, ರಚ್ಚು ನೆಂದ್ರೆ ಉರಿಯಾಕಿಲ್ಲ. ಟೈರಾದ್ರೆ ಗಳಿಗೆಲಿ ಕಾವು" ಎಂದರು. ಹಾಲು ಹಿಂಡಿದ ಮೇಲೆ ಉಳಿಯುವ ಕಬ್ಬಿನ ಸಿಪ್ಪೆಯೇ ರಚ್ಚು. ಹಿಂದೆಲ್ಲ ಒಲೆಗೆ ಅದೇ ಉರುವಲು. "ಇಲ್ಲಿ ಯಾರ್ಗೂ ಏನೂ ಆಗಿಲ್ಲ. ಏನಾದ್ರೂ ಆಗಿದ್ರೆ ತೋರ್ಸಿ, ಟೈರು ನಿಲ್ಲಿಸ್ತೀನಿ. ತೋರ್ಸಕ್ಕಾಗ್ನಿಲ್ಲ ಅಂದ್ರೆ ಈ ಮಾತ ಇನ್ನೊಂದ್ ಕಿತ ಎತ್ತಬ್ಯಾಡಿ."

ಒಲೆಯಣ್ಣ ಗುಂಡಿಯಿಂದಲೇ ನಕ್ಕರು. "ಯಾರಾದ್ರೂ ಗೆಲ್ರವ್ವ. ಒಲೆ ಬುಟ್ಟು ಬ್ಯಾರೆ ಕೆಲ್ಸಕ್ಕೋಗು ಅಂತ ಮಾತ್ರ ಏಳ್ಬ್ಯಾಡಿ. ನಂಗೆ ಬೆಂಕಿ ಬೇಕು, ಟೈರು ಬ್ಯಾಡ. ಅಷ್ಟೇಯ."

ಅಷ್ಟೇ. ಮುಂದಿನ ಸುಗ್ಗಿಯಲ್ಲಿ ಅವರು ಏನನ್ನು ಉಸಿರಾಡುತ್ತಾರೆ ಎಂಬುದು ನನ್ನ ಚೀಲದ ಸೀಸೆಯ ಮೇಲೆ ನಿಂತಿತ್ತು.

ಅಷ್ಟರಲ್ಲಿ ಪಾಕ ಹದಕ್ಕೆ ಬಂತು. ಆಲೆಮನೆಗೆ ಬಂದವರು ಬರಿಬಾಯಲ್ಲಿ ಹೋಗಕೂಡದು. ಯಜಮಾನರು ಕಬ್ಬಿನ ಜಲ್ಲೆಯ ತುದಿಗೆ ಬಿಸಿ ಬೆಲ್ಲ ಸುತ್ತಿ ಕೊಟ್ಟರು. ನಾನು ತಿಂದೆ, ಬೆರಳು ನೆಕ್ಕಿದೆ, ಕೆಲಸ ಶುರುಮಾಡಿದೆ.

ಪರೀಕ್ಷೆ ಹಳೆಯದು, ಸರಳ, ಅಗ್ಗದ್ದು. ಸಕ್ಕರೆಗಿಂತ ಎಷ್ಟೋ ಪಟ್ಟು ಸಿಹಿಯಾದ ಸ್ಯಾಕರಿನ್ನಿನ ಒಂದು ಹರಳನ್ನು ಚಿಮುಟದಲ್ಲಿ ಹಿಡಿದು ಹೊಳ್ಳೆಯ ಒಳಗೋಡೆಯ ಕೆಳದಿಂಡಿನ ಮೇಲೆ ಇಡಬೇಕು. ಕೂತವರು ಸೀನಬಾರದು, ಮೂಗು ಎಳೆಯಬಾರದು, ತಲೆ ಬಗ್ಗಿಸಬಾರದು. ರೋಮಗಳು ಹರಳಿನ ಸಿಹಿಯನ್ನು ಲೋಳೆಯ ಜೊತೆ ಹಿಂದಕ್ಕೆ ಸಾಗಿಸುತ್ತವೆ. ಅದು ಗಂಟಲಿಗೆ ಇಳಿದಾಗ ನಾಲಿಗೆಗೆ ರುಚಿ ಹತ್ತುತ್ತದೆ. ಬೇಗ ಹತ್ತಿದರೆ ರೋಮಗಳು ಗಟ್ಟಿ. ತಡವಾದರೆ ಅಲ್ಲಿ ಏನೋ ಸವೆದಿದೆ.

ಹೋಲಿಕೆಗೆಂದು ಹನೂರು ಕಡೆಯ ಶಾಗ್ಯದಲ್ಲಿ, ಒಲೆಯ ಹೊಗೆಯ ಕಸುಬಿಲ್ಲದ ರೈತರನ್ನು ಮೊದಲೇ ಪರೀಕ್ಷಿಸಿದ್ದೆ. ಜೋಳದ ಹೊಲದ ಬದುವಿನಲ್ಲಿ ಕೂತ ಅಜ್ಜಿಯೊಬ್ಬರು, "ಮೂಗ್ಗೆ ಹಾಕಿ ನಾಲ್ಗೆಲಿ ಕೇಳ್ತೀಯಲ್ಲ, ಕಿವಿಲೂ ಬತ್ತದಾ ನೋಡ್ಲೇನವ್ವ?" ಎಂದು ಗೇಲಿ ಮಾಡಿದ್ದರು. ಶಾಗ್ಯದವರ ಫಲಿತಾಂಶಗಳು ಪಠ್ಯದಲ್ಲಿದ್ದಂತೆಯೇ ಬಂದವು.

ಆಲೆಮನೆಯಲ್ಲಿ ಬಂದದ್ದು ಪಠ್ಯದಲ್ಲಿರಲಿಲ್ಲ. ಗಾಣಕ್ಕೆ ಕಬ್ಬು ಕೊಡುವವರು, ಕೊಪ್ಪರಿಗೆ ಕಲಕುವವರು, ಒಲೆಯಣ್ಣ, ಎಲ್ಲರಿಗೂ ಸಿಹಿ ಶಾಗ್ಯದವರಿಗಿಂತ ಬೇಗ ಹತ್ತಿತು. ಮರುದಿನವೂ ಹಾಗೆಯೇ. ಮೈಸೂರಿನಲ್ಲಿದ್ದ ನನ್ನ ಮಾರ್ಗದರ್ಶಕರಿಗೆ ಫೋನು ಮಾಡಿ ಒಂದೇ ಉಸಿರಿನಲ್ಲಿ ಹೇಳಿದೆ. ಪದೇಪದೇ ಗಾಯಗೊಂಡ ಪೊರೆ ದುರಸ್ತಿಯನ್ನೇ ರೂಢಿ ಮಾಡಿಕೊಂಡು, ಗಾಯವಿಲ್ಲದ ಪೊರೆಗಿಂತ ಚುರುಕಾಗಿಬಿಟ್ಟಿದೆಯೇ? ಬಸ್ಸಿನಲ್ಲಿ ನಿಂತೇ ಒಂದು ಸಿದ್ಧಾಂತ ಕಟ್ಟಿದೆ. ಎಂಥ ಚೆಂದದ ಸಿದ್ಧಾಂತವದು! ಅದನ್ನು ನೆನೆದರೆ ಈಗಲೂ ಸ್ವಲ್ಪ ಹೊಟ್ಟೆ ಉರಿಯುತ್ತದೆ.

"ಚೆನ್ನಾಗಿದೆ. ಅದಕ್ಕೇ ಅನುಮಾನ ಪಡು" ಎಂದರು ಮಾರ್ಗದರ್ಶಕರು.

ಯಜಮಾನರಿಗೆ ಅನುಮಾನವೇ ಇರಲಿಲ್ಲ. "ಏನ್ ಮೇಡಂ? ಶಾಗ್ಯದ ಗಾಳಿಗಿಂತ ನಮ್ ಹೊಗೆಯೇ ವಾಸಿ ಅಂದಂಗಾಯ್ತು! ಅಲ್ಲಿಂದ ಜನ ಬಂದಾರು, ಹೊಗೆ ಕುಡಿಯಾಕೆ ಟಿಕೇಟ್ ಇಡವಾ?" ಕೊಪ್ಪರಿಗೆಯ ಸುತ್ತ ಇದ್ದವರೆಲ್ಲ ನಕ್ಕರು. ಒಲೆಯಣ್ಣ ನಗಲಿಲ್ಲ. ಇನ್ನೊಂದು ಟೈರಿನ ತುಂಡನ್ನು ಒಳಗೆ ನೂಕಿ ಮುಖ ತಿರುಗಿಸಿದರು.

ಆ ದಿನ ಅವರಿಗೆ ಇನ್ನೊಮ್ಮೆ ಪರೀಕ್ಷೆ ಮಾಡುತ್ತೇನೆಂದೆ. ಅವರು ಬಾಯಿ ಮುಕ್ಕಳಿಸಿ ಬಂದು ಕೂತರು. ಹರಳು ಇಟ್ಟು ಗಡಿಯಾರ ಒತ್ತಿದೆ. ಸ್ವಲ್ಪ ಹೊತ್ತಿಗೇ, "ಬಂತು ಕಣವ್ವ ಸಿಹಿ" ಎಂದರು. ಚಿಮುಟ ಕೆಳಗಿಡಲು ಬಗ್ಗಿದೆ. ಅವರ ಮೊಣಕಾಲಿನ ಪಕ್ಕದಲ್ಲಿದ್ದ ಕರೀ ಟೈರಿನ ತುಂಡಿನ ಮೇಲೆ ಒಂದು ಬಿಳಿ ಚುಕ್ಕೆ.

ಚಿಮುಟದಿಂದ ಜಾರಿದ್ದ ಹರಳು ಮೂಗಿಗೆ ಹೋಗಿಯೇ ಇರಲಿಲ್ಲ.

"ಅಣ್ಣ, ನಿಜವಾಗಿ ಸಿಹಿ ಬಂತಾ?"

"ಸುಳ್ ಏಳಿ ನಂಗೇನಾಗ್ಬೇಕವ್ವ? ಬಂದದ."

"ಬಾಯಲ್ಲಿ ಏನಾದರೂ ಇದೆಯಾ?"

ಅವರು ಬಾಯಿ ತೆರೆದರು. ದವಡೆಯ ಮೂಲೆಯಲ್ಲಿ ಕರಗಿ ಸಣ್ಣಗಾದ ಬೆಲ್ಲದ ಒಂದು ಚೂರು. "ಇದಾ? ಇದು ಯಾವಾಗ್ಲೂ ಇರ್ತದ. ಇಲ್ದಿದ್ರೆ ಹೊಗೆಗೆ ಗಂಟ್ಲು ಸೀಳೋಯ್ತದ. ನೀವ್ ಮುಕ್ಕಳಿಸು ಅಂದ್ರಲ್ಲ, ಮುಕ್ಕಳಿಸ್ದೆ. ಆಮೇಲ್ ಇಟ್ಕಂಡೆ."

ಗಾಣದವರನ್ನು ಕೇಳಿದೆ, ಕೊಪ್ಪರಿಗೆಯವರನ್ನು ಕೇಳಿದೆ. ಎಲ್ಲರ ದವಡೆಯಲ್ಲೂ ಬೆಲ್ಲ. ಹೊಗೆಯಲ್ಲಿ ದುಡಿಯುವವರು ಗಂಟಲು ಕಾಯಲು ಬೆಲ್ಲ ಇಟ್ಟುಕೊಳ್ಳುವುದು ಅಲ್ಲಿ ಟವೆಲ್ಲು ಕಟ್ಟಿಕೊಂಡಷ್ಟೇ ಸಹಜ. ಕೇಳಿದರೆ ಮಾತ್ರ ಹೇಳುವಂಥದ್ದು. ಬೆಲ್ಲ ಬೇಯುವ ಮನೆಯಲ್ಲಿ, ಬೆಲ್ಲ ಕಚ್ಚಿ ಕೂತವರಿಗೆ, ಸಿಹಿ ಯಾವಾಗ ಬರುತ್ತದೆಂದು ಕೇಳುವ ಪರೀಕ್ಷೆ! ನನ್ನ ಸಿದ್ಧಾಂತ ಒಲೆಯ ಹೊಗೆಯ ಜೊತೆ ಮೇಲೆದ್ದು ಹೋಯಿತು. ವಿಚಿತ್ರವೆಂದರೆ ನನಗೆ ಬೇಸರವಾಗಲಿಲ್ಲ. ಇಷ್ಟು ದಿನ ನಾವು ಅಳೆದದ್ದು ಮೂಗನ್ನಲ್ಲ. ಹಾಗಾದರೆ ಮೂಗಿನ ಒಳಗೆ ಏನಾಗಿದೆಯೆಂದು ಇನ್ನೂ ಯಾರೂ ನೋಡಿಯೇ ಇಲ್ಲ.

ಅಲ್ಲಿಯೇ, ಎಲ್ಲರ ಮುಂದೆ, ಈವರೆಗಿನ ಆಲೆಮನೆಯ ಫಲಿತಾಂಶ ಒಂದೂ ಲೆಕ್ಕಕ್ಕಿಲ್ಲ ಎಂದೆ.

ಯಜಮಾನರು ಸಿಡಿದರು. "ನಿಮ್ಗೆ ಬೇಕಾದ್ ಉತ್ರ ಬರೋಗಂಟ ಪರೀಕ್ಷೆ ಮಾಡ್ತಾನೇ ಇರ್ತೀರಾ? ಇದ್ಯಾವ್ ನ್ಯಾಯ?"

ಆ ಪ್ರಶ್ನೆ ನ್ಯಾಯವಾದದ್ದೇ. ಉತ್ತರ ಇಷ್ಟವಾಗದಾಗ ಅಳತೆಗೋಲನ್ನು ಬದಲಿಸುವವರನ್ನು ನಾನೇ ಎಷ್ಟು ಸಲ ಪ್ರಶ್ನಿಸಿಲ್ಲ? ಅಧಿಕಾರಿಯಿಂದ ಉತ್ತರದಾಯಿತ್ವ ಕೇಳುವವಳು ತಾನೂ ಉತ್ತರ ಕೊಡಬೇಕು. ಆದ್ದರಿಂದ ಹೊಸ ಪರೀಕ್ಷೆಗೆ ನಾಲಿಗೆಯನ್ನೂ ಮಾತನ್ನೂ ನಂಬುವುದಿಲ್ಲವೆಂದು ತೀರ್ಮಾನಿಸಿದೆ. ಸಿಹಿಯ ಬದಲು ಆಹಾರಕ್ಕೆ ಬಳಸುವ ನೀಲಿ ಬಣ್ಣದ ಒಂದು ತೊಟ್ಟು. ಗಂಟಲ ಹಿಂಗೋಡೆಯ ಮೇಲೆ ನೀಲಿ ಇಳಿಯುವುದನ್ನು ಟಾರ್ಚು ಹಿಡಿದು ಯಾರು ಬೇಕಾದರೂ ನೋಡಬಹುದು. ಜೊತೆಗೆ ಸಣ್ಣ ಕುಂಚದಿಂದ ಮೂಗಿನ ಕೋಶಗಳನ್ನು ಸವರಿ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವುದು. ನೋಡುವವರು ಕೊಳ್ಳೇಗಾಲದ ಕಿವಿ, ಮೂಗು, ಗಂಟಲಿನ ವೈದ್ಯೆ. ಯಾವ ಕೊಳವೆ ಯಾರದೆಂದು ಅವರಿಗೆ ಹೇಳುವುದಿಲ್ಲ.

"ಮೊದಲು ಟೈರು ಉರಿಯುವಾಗ ನೋಡೋಣ. ಆಮೇಲೆ ಕೆಲವು ವಾರ ಬರೀ ರಚ್ಚು ಉರಿಸಿ ಮತ್ತೆ ನೋಡೋಣ" ಎಂದೆ. "ಮೊದಲ ಸಲ ಶಾಗ್ಯದವರಷ್ಟೇ ಬೇಗ ನೀಲಿ ಬಂದರೆ ನಾನು ಸೋತೆ, ಮತ್ತೆ ಈ ಮಾತೆತ್ತುವುದಿಲ್ಲ. ತಡವಾಗಿ ಬಂದು, ರಚ್ಚಿನ ಮೇಲೆ ಚುರುಕಾದರೆ ಟೈರು ನಿಲ್ಲಬೇಕು. ಈಗಲೇ, ಎಲ್ಲರ ಮುಂದೆ ಹೇಳಿ. ನೀವೂ ಕೂರಬೇಕು."

"ನಾನ್ಯಾಕೆ?"

"ಯಾಕೆ, ಯಜಮಾನ್ರಿಗೆ ಮೂಗಿಲ್ವಾ?" ಗುಂಡಿಯೊಳಗಿಂದ ಒಲೆಯಣ್ಣನ ದನಿ ಬಂತು. ಈ ಸಲ ನಗು ಇನ್ನೊಂದು ಕಡೆಗೆ ತಿರುಗಿತು. ಯಜಮಾನರು ಮೀಸೆ ಸವರಿಕೊಂಡು, "ಆಯ್ತು, ಆಡಿದ್ ಮಾತು ಆಡ್ದಂಗೆ" ಎಂದರು.

ವಿಧಾನ ಬದಲಾಯಿತೆಂದರೆ ವಿಶ್ವವಿದ್ಯಾಲಯದ ನೈತಿಕ ಸಮಿತಿಯ ಒಪ್ಪಿಗೆ ಮತ್ತೆ ಬೇಕು. ಕಬ್ಬು ಮುಗಿದರೆ ಗಾಣ ನಿಲ್ಲುತ್ತದೆ; ಗಾಣ ನಿಂತರೆ ಹೊಗೆಯೂ ಇಲ್ಲ, ಅಧ್ಯಯನವೂ ಇಲ್ಲ. ನಾನು ಸಮಿತಿಯ ಕಚೇರಿಯ ಬಾಗಿಲಲ್ಲೇ ಕೂತೆ. ಕಾರ್ಯದರ್ಶಿ ಎರಡು ಸಲ "ನಾಳೆ ಬನ್ನಿ" ಎಂದರು. ಮೂರನೆಯ ಸಲ ನಾಳೆ ಎಂದರೆ ಯಾವಾಗ, ತಡವಾದರೆ ಅದಕ್ಕೆ ಯಾರು ಹೊಣೆ ಎಂದು ಜೋರಾಗಿಯೇ ಕೇಳಿದೆ. ಒಪ್ಪಿಗೆ ಬಂತು, ಕಬ್ಬು ಇನ್ನೂ ಗದ್ದೆಯಲ್ಲಿತ್ತು.

ಶಾಗ್ಯದಲ್ಲಿ ಅದೇ ಅಜ್ಜಿಯ ಗಂಟಲಿಗೆ ನೀಲಿ ಇಳಿದಾಗ ಅವರಿನ್ನೂ ಮೊಮ್ಮಗಳ ಮದುವೆಯ ಕಥೆಯ ನಡುವಿನಲ್ಲಿದ್ದರು. ಒಲೆಯಣ್ಣನ ಗಂಟಲಿಗೆ ಅದು ಎಷ್ಟು ಹೊತ್ತು ಕಾದರೂ ಇಳಿಯಲಿಲ್ಲ. ಟಾರ್ಚು ಹಿಡಿದೆ, ಆರಿಸಿದೆ, ಮತ್ತೆ ಹಿಡಿದೆ. ಒಂದು ಪಾಕ ಹದಕ್ಕೆ ಬಂತು, ಅಚ್ಚಿಗೆ ಬಿತ್ತು. ಬೆಲ್ಲ ಅವರ ದವಡೆಯಲ್ಲೇ ಇತ್ತು. ಈಗ ಅದರಿಂದ ಏನೂ ಅಡ್ಡಿಯಿರಲಿಲ್ಲ. ಕೊನೆಗೆ ತಿಳಿಯಾದ ಒಂದು ನೀಲಿ ಗೆರೆ ಕಂಡಾಗ ನಾನು ಕೂಗಿಯೇಬಿಟ್ಟೆ. ಬಳಿಕ ಯಜಮಾನರ ಸರದಿ. ದಿನವೆಲ್ಲ ಕೊಪ್ಪರಿಗೆಯ ಪಕ್ಕ ನಿಂತು ಪಾಕದ ಹದ ನೋಡುವವರು ಅವರೇ. ಅವರ ನೀಲಿಯೂ ಬಹಳ ಹೊತ್ತು ಬರಲಿಲ್ಲ.

"ಟಾರ್ಚು ಸರಿ ಇಡ್ಕಳಿ ಮೇಡಂ" ಎಂದರು ಬಾಯಿ ತೆರೆದುಕೊಂಡೇ.

"ಟಾರ್ಚು ಸರಿಯಾಗೇ ಅದ ಯಜಮಾನ್ರೆ, ಬಾಯ್ ಸರಿ ತಗೀರಿ" ಎಂದರು ಒಲೆಯಣ್ಣ.

ಕುಂಚದ ಪರೀಕ್ಷೆ ಹಿತವಾದದ್ದಲ್ಲ. ಕಣ್ಣಲ್ಲಿ ನೀರು ಸುರಿಯುತ್ತದೆ. ಸವರಿದ ಕೋಶಗಳನ್ನು ಪೋಷಕ ದ್ರವದ ಕೊಳವೆಯೊಳಗೆ ಉದುರಿಸಿ, ಕೊಳವೆಗಳನ್ನು ಮೈಬಿಸಿಯ ನೀರು ತುಂಬಿದ ಟೀ ಫ್ಲಾಸ್ಕಿನಲ್ಲಿ ನಿಲ್ಲಿಸಿದೆ. ತಣ್ಣಗಾದರೆ ರೋಮಗಳು ನಿಧಾನವಾಗುತ್ತವೆ. ಆಗ ಹೊಗೆಯ ತಪ್ಪು ಯಾವುದು, ನನ್ನ ತಪ್ಪು ಯಾವುದು ಎಂದು ಹೇಳುವುದು ಹೇಗೆ? ಯಳಂದೂರಿನಿಂದ ಕೊಳ್ಳೇಗಾಲದ ಬಸ್ಸಿನಲ್ಲಿ ಫ್ಲಾಸ್ಕನ್ನು ಎದೆಗವಚಿ ಕೂತಿದ್ದೆ. ಕಂಡಕ್ಟರು, "ನಮ್ಗೂ ಒಂದ್ ಲೋಟ ಕೊಡಿ ಮೇಡಂ" ಎಂದರು. ಒಳಗಿರುವುದು ಏನೆಂದು ಹೇಳಿದೆ. ಅವರು ಟಿಕೇಟನ್ನು ತುದಿಬೆರಳಲ್ಲಿ ಚಾಚಿ ಮುಂದಕ್ಕೆ ಹೋದರು.

ಮೊದಲ ಸುತ್ತಿನ ಕೋಶಗಳನ್ನು ವೈದ್ಯೆ ಸೂಕ್ಷ್ಮದರ್ಶಕದ ಕೆಳಗಿಟ್ಟರು. ಲೋಳೆ ತುಂಬಿ ಉಬ್ಬಿದ ಕೋಶಗಳು, ಚರ್ಮದಂತೆ ಚಪ್ಪಟೆಯಾದ ಕೋಶಗಳು, ಅಲ್ಲೊಂದು ಇಲ್ಲೊಂದು ಬೋಳು ಅಂಚು. ರೋಮವಿದ್ದಲ್ಲಿಯೂ ಅವು ತಾಳ ತಪ್ಪಿ ಬೀಸುತ್ತಿದ್ದವು. ಮುಚ್ಚಿಕೊಳ್ಳುವ ಕೆಲಸವನ್ನು ದೇಹ ಮಾಡಿತ್ತು, ಚಿಗುರಲು ಬಿಡುವು ಸಿಕ್ಕಿರಲಿಲ್ಲ. "ಇದು ಯಾರದ್ದಾದರೂ ಆಗಲಿ, ಇವರನ್ನು ಆ ಜಾಗದಿಂದ ದೂರ ಇಡಿ" ಎಂದರು. ಜಾಗದಿಂದ ಅವರನ್ನಲ್ಲ, ಜಾಗದಿಂದ ಟೈರನ್ನು ದೂರ ಇಡಬೇಕು ಎಂದೆ. ಅವರು ಕನ್ನಡಕ ತೆಗೆದು ನನ್ನನ್ನೊಮ್ಮೆ ನೋಡಿ, ಸರಿ ಎಂಬಂತೆ ತಲೆಯಾಡಿಸಿದರು.

ರಚ್ಚಿನ ವಾರಗಳು ಸುಲಭವಾಗಿರಲಿಲ್ಲ. ರಚ್ಚನ್ನು ಹರಡಿ ಒಣಗಿಸಬೇಕು, ಮೋಡ ಕಂಡರೆ ಟಾರ್ಪಾಲು ಎಳೆಯಬೇಕು. ಬೇಗ ಉರಿದುಹೋಗುವ ಅದನ್ನು ಒಲೆಗೆ ತುಂಬುತ್ತಲೇ ಇರಬೇಕು. ಒಂದು ಸಂಜೆ ಜಡಿಮಳೆ ಬಂತು. ಒಲೆ ಮಂಕಾಗಿ ಒಂದು ಕೊಪ್ಪರಿಗೆಯ ಪಾಕ ಕೆಟ್ಟಿತು. ಯಜಮಾನರು ಮೂಲೆಯ ಟೈರಿನ ರಾಶಿಯತ್ತ ನಡೆದರು. ಒಲೆಯಣ್ಣ ಸಲಾಕೆಯನ್ನು ಅಡ್ಡ ಹಿಡಿದು, "ಯಜಮಾನ್ರೆ, ಮಾತು" ಎಂದಷ್ಟೇ ಹೇಳಿದರು. ಮರುದಿನ ರಚ್ಚಿಗೆ ತಗಡಿನ ಮಾಡು ಬಂತು.

ಎರಡನೆಯ ಸುತ್ತಿನ ದಿನ ಬಂತು. ನೀಲಿಯ ತೊಟ್ಟು ಇಟ್ಟು ಕಾದೆ. ಒಲೆಯಣ್ಣ ಶಾಗ್ಯದ ಅಜ್ಜಿಯಷ್ಟು ಬೇಗವಲ್ಲದಿದ್ದರೂ, ಪಾಕ ಇಳಿಯುವುದಕ್ಕೆ ಬಹಳ ಮೊದಲೇ ಗಂಟಲು ತೋರಿಸಿದರು: ನೀಲಿ! ಯಜಮಾನರದ್ದು ಅದಕ್ಕಿಂತ ಬೇಗ. ಫ್ಲಾಸ್ಕು ಹಿಡಿದು ಕೊಳ್ಳೇಗಾಲಕ್ಕೆ ಧಾವಿಸಿದೆ. ವೈದ್ಯೆ ಒಂದು ಕೊಳವೆಯ ಹನಿಯನ್ನು ನೋಡುತ್ತಿದ್ದವರು ತಟ್ಟನೆ ಕುರ್ಚಿ ಬಿಟ್ಟೆದ್ದು, "ಬಾ, ನೀನೇ ನೋಡು" ಎಂದರು.

ಬೋಳಾಗಿದ್ದ ಅಂಚಿನಂಥದೇ ಒಂದು ಅಂಚು. ಅದರ ಮೇಲೆ ಗಿಡ್ಡ ಗಿಡ್ಡ ರೋಮಗಳು, ಈಗಷ್ಟೇ ಹುಟ್ಟಿದವು, ಹಳೆಯವುಗಳ ಅರ್ಧದಷ್ಟೂ ಉದ್ದವಿಲ್ಲ, ಆದರೆ ಬೀಸುತ್ತಿದ್ದವು. ವರ್ಷಗಟ್ಟಲೆ ಚಿತ್ರದಲ್ಲಿ ಮಾತ್ರ ಕಂಡದ್ದು, ಹೆಸರಿಲ್ಲದ ಒಂದು ಕೊಳವೆಯಲ್ಲಿ, ನನ್ನ ಕಣ್ಣ ಕೆಳಗೆ ಜೀವಂತವಾಗಿ ನಡೆಯುತ್ತಿತ್ತು. ಕೊಳವೆಯ ಗುರುತನ್ನು ಬಿಡಿಸಿ ನೋಡಿದಾಗ ಅದು ಒಲೆಯಣ್ಣನದು.

ಮೊಬೈಲಿನಲ್ಲಿ ಚಿತ್ರೀಕರಿಸಿ ಮರುದಿನ ಆಲೆಮನೆಯಲ್ಲಿ ತೋರಿಸಿದೆ. ಒಲೆಯಣ್ಣ ಬಹಳ ಹೊತ್ತು ನೋಡಿದರು. "ಜರಿಹುಳ ಕಾಲ್ ಆಡ್ಸ್ದಂಗದಲ್ಲವ್ವ! ಇದು ನನ್ ಮೂಗ್ನೊಳ್ಗಾ?" ತಮ್ಮ ಮೂಗನ್ನು ಮೆಲ್ಲನೆ ಮುಟ್ಟಿಕೊಂಡರು. "ಆಡ್ಲಿ, ಆಡ್ಲಿ."

ಆಗ ಯಜಮಾನರು ಆಡಿದ ಮಾತಿಗೆ ನಾನು ಸಿದ್ಧಳಿರಲಿಲ್ಲ. "ಅಂದ್ರೆ ಮೇಡಂ, ಮಯ್ಯಿ ತಾನೇ ರಿಪೇರಿ ಮಾಡ್ಕತದ ಅಂತ ನೀವೇ ತೋರ್ಸುದ್ರಿ. ಅಂಗಾರೆ ಆರ್ ತಿಂಗ್ಳು ಟೈರು, ಒಂದ್ ತಿಂಗ್ಳು ರಚ್ಚು. ಸರಿಯೋಯ್ತಲ್ಲ?"

ಗಾಯ ಮಾಯುತ್ತದೆಂದು ತೋರಿಸಿದ ವಿಜ್ಞಾನವನ್ನು ಗಾಯ ಮಾಡುವ ಪರವಾನಗಿಯಾಗಿ ಹಿಡಿದುಕೊಳ್ಳುವುದೇ? ಇನ್ನೊಂದು ಕೊಳವೆಯ ಚಿತ್ರವನ್ನು ಅವರ ಮುಂದೆ ಹಿಡಿದೆ. ಅದೂ ಒಲೆಯಣ್ಣನದೇ, ಅದೇ ದಿನದ್ದೇ. ಅಲ್ಲಿ ಅಂಚು ಬೋಳಾಗಿಯೇ ಇತ್ತು. "ಚಿಗುರಿದ್ದು ಇಷ್ಟು. ಚಿಗುರದೇ ಉಳಿದದ್ದು ಇಷ್ಟು. ಇದು ಯಾವಾಗ ಚಿಗುರುತ್ತದೆ, ಚಿಗುರುತ್ತದೋ ಇಲ್ಲವೋ, ನನಗೆ ಗೊತ್ತಿಲ್ಲ. ನಿಮಗೆ ಗೊತ್ತಿದೆಯಾ? ಗೊತ್ತಿಲ್ಲದ ಮೇಲೆ ಇನ್ನೊಬ್ಬರ ಮೈಯನ್ನು ಪಣಕ್ಕಿಡುವ ಹಕ್ಕು ನಿಮಗೆ ಕೊಟ್ಟವರು ಯಾರು?"

ಅವರು ಉತ್ತರಿಸುವ ಮೊದಲೇ ಒಲೆಯಣ್ಣ ಗುಂಡಿಯಿಂದೆದ್ದು ಸಲಾಕೆಯನ್ನು ಚಾಚಿದರು. "ಯಜಮಾನ್ರು ಹೇಳಾದೂ ಸರಿಯೇ ಬುಡವ್ವ. ತಕಳಿ ಯಜಮಾನ್ರೆ. ಆ ಟೈರಿನ್ ಆರ್ ತಿಂಗ್ಳು ನೀವ್ ಕೂತ್ಕಳಿ. ರಚ್ಚಿನ್ ಒಂದ್ ತಿಂಗ್ಳು ನಾನ್ ಕೂತ್ಕತೀನಿ."

ಯಾರೂ ನಗಲಿಲ್ಲ. ಯಜಮಾನರು ಸಲಾಕೆಯನ್ನು ನೋಡಿದರು, ಮೊಬೈಲಿನ ಬೋಳು ಅಂಚನ್ನು ನೋಡಿದರು. ಸಲಾಕೆಯನ್ನು ಮುಟ್ಟಲಿಲ್ಲ. ಟ್ರ್ಯಾಕ್ಟರಿನ ಹುಡುಗನನ್ನು ಕೂಗಿ, "ಲೇ, ಆ ಟೈರ್ನೆಲ್ಲ ತುಂಬ್ಕಂಡೋಗ್ಲಾ. ಕಣ್ಮುಂದೆ ಇರ್ಬಾರ್ದು" ಎಂದರು.

ರಾಶಿ ಕರಗಿತು. ಅದಿದ್ದ ಜಾಗದಲ್ಲಿ ಕರೀ ನೆಲ ಕಂಡಿತು. ಒಲೆಯಣ್ಣ ರಚ್ಚಿನ ಒಂದು ತೆಕ್ಕೆ ಒಳಗೆ ಹಾಕಿದರು. ಚಿಮಣಿಯಿಂದ ತೆಳ್ಳನೆಯ ಬೂದುಬಣ್ಣದ ಹೊಗೆ ಎದ್ದಿತು. ಹೊಗೆ ಹೊಗೆಯೇ, ರಚ್ಚಿನದ್ದನ್ನೂ ಅಳೆಯುವುದು ಬಾಕಿಯಿದೆ. ಆದರೂ ಅವರು ಈ ಸಲ ಮುಖ ತಿರುಗಿಸಲಿಲ್ಲ. ಬಿಸಿ ಬೆಲ್ಲ ಸುತ್ತಿದ ಜಲ್ಲೆ ನನ್ನ ಕೈಗೆ ಬಂತು. ತಿನ್ನುತ್ತಲೇ, ಹೊರಟು ನಿಂತ ಟ್ರ್ಯಾಕ್ಟರಿನ ಹುಡುಗನನ್ನು ಕೇಳಿದೆ: "ಇವೆಲ್ಲ ಎಲ್ಲಿಗಪ್ಪ?"

"ಕಾಲುವೆ ಆಚೆ ಆಲೆಮನೆಗೆ ಮೇಡಂ. ಅವ್ರು ಆಗ್ಲೇ ಕೇಳಿದ್ರು."

ಜಲ್ಲೆ ಬಾಯಲ್ಲೇ ನಿಂತಿತು. ಒಂದು ಒಲೆಯಿಂದ ಇನ್ನೊಂದು ಒಲೆಗೆ, ಒಬ್ಬರ ಗಂಟಲಿಂದ ಇನ್ನೊಬ್ಬರ ಗಂಟಲಿಗೆ! ಪುರಾವೆ ಕೇಳಿದ್ದ ಅಧಿಕಾರಿಗೆ ಅಲ್ಲಿಂದಲೇ ಫೋನು ಮಾಡಿದೆ. ಪುರಾವೆ ನನ್ನ ಕೈಯಲ್ಲಿದೆ, ಟೈರು ಟ್ರ್ಯಾಕ್ಟರಿನಲ್ಲಿದೆ, ನೀವು ಎಲ್ಲಿದ್ದೀರಿ ಎಂದೆ. ಮೀಟಿಂಗಿನಲ್ಲಿದ್ದೇನೆ ಎಂದರು. ಮುಗಿಯುವ ತನಕ ಕಾಲುವೆಯಾಚೆ ಕಾಯುತ್ತಿರುತ್ತೇನೆ, ಬರದಿದ್ದರೆ ಸಂಜೆ ನಿಮ್ಮ ಬಾಗಿಲಲ್ಲಿರುತ್ತೇನೆ ಎಂದು ಹೇಳಿ ಚೀಲ ಹೆಗಲಿಗೇರಿಸಿದೆ. ನೀಲಿಯ ಸೀಸೆ ಇನ್ನೂ ಅರ್ಧ ತುಂಬಿತ್ತು.

ಒಲೆಯಣ್ಣ ಗುಂಡಿಯೊಳಗಿಂದ ಕತ್ತೆತ್ತಿ ನನ್ನನ್ನೂ ಟ್ರ್ಯಾಕ್ಟರನ್ನೂ ನೋಡಿದರು.

"ಟ್ರ್ಯಾಕ್ಟರ್ ಹತ್ಕಳವ್ವ, ಹತ್ಕ" ಎಂದರು. "ಅಲ್ಲೂ ಮೂಗವೆ."